ಎರಡು ವಾರದ ಮಿಷನ್ ಪ್ರವಾಸಕ್ಕೆ ಹೆಸರು ಕೊಡುವ ಮೊದಲು

ಪ್ರಶ್ನೆ: ನಾನು ಮೂವತ್ತರ ಹತ್ತಿರದ ಹೆಣ್ಣುಮಗಳು. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನಮ್ಮ ಸಭೆಯಿಂದ (ಚರ್ಚಿನಿಂದ) ಬೇರೆ ದೇಶಕ್ಕೆ ಎರಡು ವಾರದ ಮಿಷನ್ ಪ್ರವಾಸ ಹೊರಟಿದೆ. ಅಲ್ಲಿನ ಒಂದು ಸಭೆಯ ಜೊತೆ ಮಕ್ಕಳ ಕೂಟ, ಮನೆ ಭೇಟಿ, ಅನಾಥಾಶ್ರಮ ಭೇಟಿ, ಕಟ್ಟಡಕ್ಕೆ ಬಣ್ಣ ಬಳಿಯುವುದು ಎಂದೆಲ್ಲ ಹೇಳಿದ್ದಾರೆ. ಭಾನುವಾರದ ಆರಾಧನೆಯಲ್ಲಿ ಪ್ರಕಟಣೆ ಕೇಳಿದಾಗ ಕಣ್ಣು ತುಂಬಿ ಬಂತು, ದೇವರು ನನ್ನನ್ನೇ ಕರೆಯುತ್ತಿದ್ದಾನೆ ಅನ್ನಿಸಿತು. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಇದು ಕರೆಯೋ, ಬರೀ ಭಾವಾವೇಶವೋ? ಎರಡು ವಾರದಲ್ಲಿ ಏನು ಸೇವೆ ಆದೀತು? ಆ ದುಡ್ಡನ್ನೇ ಅಲ್ಲಿಗೆ ಕಳಿಸಿದರೆ ಹೆಚ್ಚು ಉಪಯೋಗವಲ್ಲವೇ ಎಂದು ಅಣ್ಣ ಕೇಳುತ್ತಾನೆ. ಅಮ್ಮನಿಗೆ ಭಯ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಪ್ರಿಯ ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು.

ಕಣ್ಣು ತುಂಬಿ ಬಂದದ್ದಕ್ಕೆ ನಾಚಿಕೊಳ್ಳಬೇಡಿ. ಮನಸ್ಸು ಕರಗದೆ ಯಾರೂ ಸೇವೆಗೆ ಹೊರಡುವುದಿಲ್ಲ. ಹಾಗೆಂದು ಕಣ್ಣೀರನ್ನೇ ದೇವರ ಅಪ್ಪಣೆ ಅಂದುಕೊಂಡು ಹೆಸರು ಕೊಟ್ಟುಬಿಡಲೂ ಬೇಡಿ. ನನಗೆ ಕರೆ ಬಂದಿದೆಯೇ, ನನ್ನಿಂದ ಏನಾದೀತು, ನನ್ನ ದುಡ್ಡು ಎಲ್ಲಿಗೆ ಹೋಗಬೇಕು: ನೀವು ಕೇಳಿದ್ದೆಲ್ಲ ಹೋಗುವವರ ಕಡೆಯ ಪ್ರಶ್ನೆಗಳು. ಕೇಳದೆ ಬಿಟ್ಟದ್ದು ಒಂದಿದೆ. ಇಂಥ ತಂಡಗಳನ್ನು ತಯಾರು ಮಾಡುವ ಕೆಲಸದಲ್ಲಿ, ತಂಡಗಳನ್ನು ಬರಮಾಡಿಕೊಳ್ಳುವ ಸಭೆಗಳ ಜೊತೆ ಕೂತು ಮಾತಾಡುವ ಕೆಲಸದಲ್ಲಿ ಬಹಳ ಕಾಲ ಇದ್ದವನಾಗಿ ಹೇಳುತ್ತೇನೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಊರಿನ ಸಭೆ ನಿಮ್ಮನ್ನು ಬನ್ನಿ ಎಂದು ಕರೆದಿದೆಯೇ?

ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲನಿಗೆ ರಾತ್ರಿ ಕಂಡ ದರ್ಶನವನ್ನು ನೆನಪಿಸಿಕೊಳ್ಳಿ (ಬೈಬಲಿನ ಅಪೊಸ್ತಲರ ಕೃತ್ಯಗಳು, ಅ.ಕೃ. 16:9). ಮಕೆದೋನ್ಯದ ಒಬ್ಬ ಮನುಷ್ಯ ನಿಂತುಕೊಂಡು, ಇಲ್ಲಿಗೆ ಬಂದು ನಮಗೆ ನೆರವಾಗು ಎಂದು ಬೇಡಿಕೊಳ್ಳುತ್ತಾನೆ. ಮಿಷನ್ ಕೂಟಗಳಲ್ಲಿ ಈ ವಚನವನ್ನು ತಪ್ಪದೆ ಓದುತ್ತೇವೆ. ಇದರ ಹಿಂದಿನ ಮೂರು ವಚನಗಳ ಮೇಲೆ ಪ್ರಸಂಗ ಕೇಳಿದ್ದು ಬಲು ಅಪರೂಪ. ಆಸ್ಯ ಸೀಮೆಯಲ್ಲಿ ದೇವರ ವಾಕ್ಯ ಸಾರದಂತೆ ಪವಿತ್ರಾತ್ಮನು ಅವರನ್ನು ತಡೆದನು. ಬಿಥೂನ್ಯಕ್ಕೆ ಹೋಗಲು ಪ್ರಯತ್ನಪಟ್ಟರು, ಅಲ್ಲಿಗೂ ಅಪ್ಪಣೆಯಾಗಲಿಲ್ಲ. ಪೌಲನ ಉತ್ಸಾಹದಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಆದರೂ ಎರಡು ಬಾಗಿಲು ಮುಚ್ಚಿದವು, ಮೂರನೆಯದು ಆ ಕಡೆಯಿಂದ ತೆರೆಯಿತು. ದರ್ಶನ ಕಂಡದ್ದು ಒಬ್ಬನಿಗೆ, ಇದು ದೇವರ ಕರೆ ಎಂದು ತೀರ್ಮಾನಿಸಿದ್ದು ಜೊತೆಯವರೆಲ್ಲ ಸೇರಿ.

ಅಂತಿಯೋಕ್ಯದಲ್ಲೂ ನಡೆದದ್ದು ಹಾಗೆಯೇ. ಬಾರ್ನಬನನ್ನೂ ಸೌಲನನ್ನೂ (ಪೌಲನ ಇನ್ನೊಂದು ಹೆಸರು) ಪ್ರತ್ಯೇಕಿಸಿರಿ ಎಂಬ ಮಾತು ಬಂದದ್ದು ಉಪವಾಸ ಮಾಡುತ್ತಾ ಆರಾಧಿಸುತ್ತಿದ್ದ ಸಭೆಯವರ ನಡುವೆ (ಅ.ಕೃ. 13). ಇವರಿಬ್ಬರೂ ಒಂದು ವರ್ಷ ಪೂರ್ತಿ ಅದೇ ಸಭೆಯಲ್ಲಿ ಉಪದೇಶ ಮಾಡುತ್ತಾ ಇದ್ದವರು. ಅವರ ಗುಣ, ಸಿಟ್ಟು, ಶಕ್ತಿ, ದೌರ್ಬಲ್ಯ ಎಲ್ಲವನ್ನೂ ಸಭೆ ಹತ್ತಿರದಿಂದ ನೋಡಿತ್ತು. ಹಾಗಾಗಿ ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಹಿರಿಯ ವಿಶ್ವಾಸಿಗಳನ್ನು ಕೇಳಿ. ಹೊಗಳುವವರನ್ನಲ್ಲ, ನಿಮಗೆ ಬೇಸರವಾದರೂ ಇದ್ದದ್ದನ್ನು ಹೇಳುವವರನ್ನು. ಈಗಿರುವ ಜಾಗದಲ್ಲಿ ನಿಮ್ಮಿಂದ ಯಾವ ಸೇವೆ ನಡೆಯುತ್ತಿದೆ ಎಂದು ಅವರು ಕೇಳಿದರೆ ಉತ್ತರ ಇರಲಿ. ವಿಮಾನ ಹತ್ತಿದ ಮಾತ್ರಕ್ಕೆ ಯಾರಿಗೂ ಹೊಸ ಸ್ವಭಾವ ಬರುವುದಿಲ್ಲ. ಇಲ್ಲಿ ಪಕ್ಕದ ಮನೆಯ ಕಾಯಿಲೆಯವರ ಹತ್ತಿರ ಅರ್ಧ ಗಂಟೆ ಕೂರಲು ಆಗದವರಿಗೆ ಅಲ್ಲಿಯೂ ಆಗುವುದಿಲ್ಲ.

ಹೋಗಬೇಡ ಎಂಬುದೂ ಕರೆಯೇ ಆಗಿರಬಹುದು. ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟು ಸ್ವಸ್ಥನಾದವನು ನಾನೂ ನಿನ್ನ ಜೊತೆ ಬರುತ್ತೇನೆ ಎಂದು ದೋಣಿಯ ಹತ್ತಿರ ಬೇಡಿಕೊಂಡ. ಯೇಸುಸ್ವಾಮಿ ಒಪ್ಪಲಿಲ್ಲ. ಮನೆಗೆ ಹೋಗು, ಕರ್ತನು ನಿನಗೆ ಮಾಡಿದ ಉಪಕಾರವನ್ನು ನಿನ್ನವರಿಗೆ ಹೇಳು ಎಂದರು (ಮಾರ್ಕ 5:19). ಅವನು ದೆಕಪೊಲಿ ಸೀಮೆಯಲ್ಲೆಲ್ಲ ಸಾರಿದ. ಅವನ ಸೇವೆ ಶಿಷ್ಯರ ಸೇವೆಗಿಂತ ಕಡಿಮೆ ದರ್ಜೆಯದೇನಲ್ಲ.

ಇನ್ನು ಎರಡು ವಾರದಲ್ಲಿ ಏನಾದೀತು ಎಂಬ ಪ್ರಶ್ನೆ. ಮೊದಲು, ಏನು ಆಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಪೌಲನು ಕೊರಿಂಥದಲ್ಲಿ ಒಂದೂವರೆ ವರ್ಷ ನಿಂತನು, ಎಫೆಸದಲ್ಲಿ ಎರಡು ವರ್ಷಕ್ಕೂ ಹೆಚ್ಚು. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ, ಅಲ್ಲಿ ಅವರ ಸೇವೆಯ ಮೊದಲ ವಿಶ್ವಾಸಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ ಕೊನೆಗೆ. ಬರ್ಮಾದಲ್ಲಿ ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್ 1813ರಿಂದ 1819ರವರೆಗೆ ಮೊದಲ ವಿಶ್ವಾಸಿಗಾಗಿ ಕಾದರು. ಭಾಷೆ ಕಲಿಯಬೇಕು, ಜನ ನಂಬಬೇಕು, ಅವರ ಸಾವು ನೋವುಗಳಲ್ಲಿ ಜೊತೆಗಿರಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಎರಡು ವಾರದಲ್ಲಿ ಇಷ್ಟು ಜನ ಯೇಸುವನ್ನು ನಂಬುತ್ತೇವೆಂದು ಕೈ ಎತ್ತಿದರು ಎಂದು ಬರುವ ವರದಿಗಳನ್ನು ನಾನು ಬಹಳ ಎಚ್ಚರಿಕೆಯಿಂದ ಓದುತ್ತೇನೆ. ಮನೆಗೆ ಬಂದ ಅತಿಥಿಯ ಮನಸ್ಸು ನೋಯಬಾರದೆಂದು ಕೈ ಎತ್ತುವವರು ಬಹಳ.

ಯುವಜನರು ಕೆಲವೇ ವಾರಗಳಿಗೆ ಗುಂಪಾಗಿ ಹೊರಡುವ ಈಗಿನ ಪದ್ಧತಿ ಬೆಳೆದದ್ದು ಇತ್ತೀಚೆಗೆ. ಜಾರ್ಜ್ ವರ್ವರ್ ಕಾಲೇಜು ದಿನಗಳಲ್ಲಿ, 1957ರ ಬೇಸಿಗೆಯಲ್ಲಿ, ಇಬ್ಬರು ಗೆಳೆಯರ ಜೊತೆ ಮೆಕ್ಸಿಕೋಗೆ ಹೋದರು; ಅದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಮಿಷನ್ ಸಂಸ್ಥೆ ಆಯಿತು. ಲೊರೆನ್ ಕನಿಂಗ್‌ಹ್ಯಾಮ್ 1960ರಲ್ಲಿ ಯೂತ್ ವಿತ್ ಎ ಮಿಷನ್ ಎಂಬ ಸಂಸ್ಥೆ ಶುರು ಮಾಡಿದರು. ಅಲ್ಲಿಂದ ಇದು ಪ್ರವಾಹದಂತೆ ಬೆಳೆಯಿತು. ವರ್ಷಕ್ಕೆ 16 ಲಕ್ಷ ಅಮೆರಿಕನ್ನರು ಸಭೆಗಳ ಮೂಲಕ ಹೊರದೇಶಗಳಿಗೆ ಹೀಗೆ ಹೋಗುತ್ತಾರೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2000ದ ದಶಕದಲ್ಲಿ ಅಂದಾಜು ಮಾಡಿದ್ದರು. ಹೀಗೆ ಹೋದವರಲ್ಲಿ ಕೆಲವರು ಮುಂದೆ ಜೀವನವನ್ನೇ ಸೇವೆಗೆ ಕೊಟ್ಟದ್ದು ನಿಜ. ಹೋಗಿ ಬಂದು ಮೊದಲಿನಂತೆಯೇ ಉಳಿದವರು ಹೆಚ್ಚು ಎಂಬುದೂ ನಿಜ.

ಆದರೆ ಚಿಕ್ಕ ಪ್ರವಾಸ ವ್ಯರ್ಥ ಎನ್ನುವವರ ಜೊತೆ ನಾನಿಲ್ಲ. ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯದ ಕೊನೆಗೆ ಬನ್ನಿ. ಯೆರೂಸಲೇಮಿನಿಂದ ಬಂದ ಅಗಬನೆಂಬ ಪ್ರವಾದಿ ದೊಡ್ಡ ಕ್ಷಾಮ ಬರುತ್ತದೆ ಎಂದು ತಿಳಿಸುತ್ತಾನೆ. ರೋಮಿನ ಚಕ್ರವರ್ತಿ ಕ್ಲೌದಿಯನ ಕಾಲದಲ್ಲಿ ಅದು ಬಂತು. ಅಂತಿಯೋಕ್ಯದ ಶಿಷ್ಯರು ಪ್ರತಿಯೊಬ್ಬರೂ ಅವರವರ ಶಕ್ತಿಗೆ ತಕ್ಕಂತೆ ಹಣ ಕೂಡಿಸಿ ಬಾರ್ನಬ ಸೌಲರ ಕೈಯಲ್ಲಿ ಯೂದಾಯದ ಹಿರಿಯರಿಗೆ ಕಳಿಸಿದರು. ಇಬ್ಬರೂ ಆ ಕೆಲಸ ಮುಗಿಸಿ ಹಿಂತಿರುಗಿದರು. ಇದು ಅಲ್ಪಾವಧಿಯ ಪ್ರವಾಸವೇ ತಾನೇ? ಅಲ್ಲಿ ಏನೇನಿದೆ ನೋಡಿ. ಅಗತ್ಯ ಏನೆಂದು ತಿಳಿದದ್ದು ಆ ಕಡೆಯಿಂದ ಬಂದವರ ಬಾಯಲ್ಲಿ. ದುಡ್ಡು ಹೋದದ್ದು ಅಲ್ಲಿನ ಹಿರಿಯರ ಕೈಗೆ, ಬಂದವರು ಬೀದಿ ಬೀದಿಯಲ್ಲಿ ಹಂಚಲಿಲ್ಲ. ಕೆಲಸ ಇಷ್ಟೇ ಎಂದು ಮೊದಲೇ ಗೊತ್ತಿತ್ತು, ಮುಗಿದ ಮೇಲೆ ಹೊರಟರು.

ನಿಮ್ಮ ಅಣ್ಣನ ಪ್ರಶ್ನೆಯನ್ನು ಅವಿಶ್ವಾಸ ಎಂದು ತಳ್ಳಿಹಾಕಬೇಡಿ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಧ್ವಂಸ ಮಾಡಿದ ಮೇಲೆ ಉತ್ತರ ಅಮೆರಿಕದಿಂದ ಎಷ್ಟೋ ಸಭೆಗಳ ತಂಡಗಳು ಮನೆ ಕಟ್ಟಿಕೊಡಲು ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು, ಅವರೂ ಕ್ರೈಸ್ತ ವಿಶ್ವಾಸಿಯೇ, ಇದನ್ನು ಅಧ್ಯಯನ ಮಾಡಿದರು. ತಂಡದ ಪ್ರಯಾಣ ಖರ್ಚೆಲ್ಲ ಸೇರಿ ಒಂದು ಮನೆಗೆ ಸುಮಾರು 30,000 ಡಾಲರ್ ಬೀಳುತ್ತಿತ್ತು. ಅಂಥದೇ ಮನೆಯನ್ನು ಅಲ್ಲಿನ ಗಾರೆ ಕೆಲಸದವರು ಸುಮಾರು 2,000 ಡಾಲರಿಗೆ ಕಟ್ಟುತ್ತಿದ್ದರು. ಯಾರು ಕಟ್ಟಿದರೂ ಮನೆಯವರ ಜೀವನದಲ್ಲಿ ವೆರ್ ಬೀಕ್ ಅವರಿಗೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಹೋಗಿ ಬಂದವರ ಪ್ರಾರ್ಥನೆಯಲ್ಲಿ, ಕಾಣಿಕೆ ಕೊಡುವುದರಲ್ಲಿ ಬಹಳ ಕಾಲ ಉಳಿಯುವ ಬದಲಾವಣೆಯೂ ತೀರಾ ಕಡಿಮೆ. ಬಂದವರಿಗೆ ಊಟ, ವಾಸ, ಕೆಲಸ ಹೊಂದಿಸುವುದರಲ್ಲಿ ಅಲ್ಲಿನವರ ಶ್ರಮ ಎಷ್ಟು ಹೋಯಿತು ಎಂಬುದು ಆ ಲೆಕ್ಕದಲ್ಲಿ ಬಂದೇ ಇಲ್ಲ.

ಹಾಗಾಗಿ ಬಣ್ಣ ಬಳಿಯುವ ವಿಷಯದಲ್ಲಿ ಅಣ್ಣ ಹೇಳುವುದೇ ಸರಿ. ಆ ಊರಿನಲ್ಲಿ ಬಣ್ಣ ಬಳಿದು ಹೊಟ್ಟೆ ಹೊರೆಯುವವರು ಇದ್ದಾರೆ, ಅವರ ಕೂಲಿಯನ್ನು ಕಳಿಸಿಕೊಡಿ. ದುಡ್ಡಿನಿಂದ ಆಗುವ ಕೆಲಸಕ್ಕೆ ದುಡ್ಡು ಹೋಗಲಿ. ಮನುಷ್ಯರೇ ಬೇಕಾದ ಕೆಲಸಕ್ಕೆ ಮನುಷ್ಯರು ಹೋಗಲಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಮ್ಮ ಉದ್ಯೋಗ, ನೀವದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಎಷ್ಟೋ ಚಿಕ್ಕ ಸಭೆಗಳಲ್ಲಿ ಖಜಾಂಚಿ ಆಗಿರುವವರು ಬೇರೆ ಕೆಲಸ ಮಾಡಿಕೊಂಡು ರಾತ್ರಿ ಹೊತ್ತು ಲೆಕ್ಕ ಬರೆಯುವವರು. ಕಾಣಿಕೆ ಎಣಿಸುವಾಗ ಇಬ್ಬರು ಕೂರಬೇಕು, ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಬೇಕು, ಪಾಲಕರ (ಪಾಸ್ಟರರ) ಸಂಬಳ ಒಂದು ಕಡೆ, ಬಡವರ ನಿಧಿ ಇನ್ನೊಂದು ಕಡೆ ಇರಬೇಕು, ತಿಂಗಳ ಕೊನೆಗೆ ಬ್ಯಾಂಕಿನ ಪಟ್ಟಿಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡಬೇಕು. ಇದನ್ನು ಪಕ್ಕದಲ್ಲಿ ಕೂತು ಕಲಿಸಲು ಎರಡು ವಾರ ಧಾರಾಳ ಸಾಕು, ನೀವು ಹೊರಟ ಮೇಲೂ ಅದು ಉಳಿಯುತ್ತದೆ. ಪೌಲನು ಯೆರೂಸಲೇಮಿನ ಬಡವರಿಗೆ ಕಾಣಿಕೆ ಒಯ್ಯುವಾಗ ಸಭೆಗಳೇ ನೇಮಿಸಿದವರನ್ನು ಜೊತೆಗೆ ಕರೆದುಕೊಂಡು ಹೋದದ್ದು ಸುಮ್ಮನಲ್ಲ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಎರಡನೆಯ ಕೊರಿಂಥ 8ರಲ್ಲಿ ಅವನೇ ಕಾರಣ ಕೊಡುತ್ತಾನೆ. ಅವರಿಗೆ ಇಂಥ ಸಹಾಯ ಬೇಕೇ ಎಂದು ಮಾತ್ರ ಕೇಳಿ ತಿಳಿದುಕೊಳ್ಳಬೇಕು. ಕೇಳದೆ ಹೋಗಿ ಲೆಕ್ಕ ತೋರಿಸಿ ಅಂದರೆ ತಪಾಸಣೆಗೆ ಬಂದವರಂತೆ ಕಾಣುತ್ತೀರಿ.

ತಂಡ ಬಂದಾಗ ಆ ಕಡೆ ಏನಾಗುತ್ತದೆ ಎಂಬುದನ್ನು ನಾನು ಸರಿಯಾಗಿ ಕಂಡದ್ದು ಒಬ್ಬ ಪಾಲಕರ ದಿನಚರಿ ಪುಸ್ತಕದಲ್ಲಿ. ಅವರು ಪ್ರತಿ ದಿನಕ್ಕೂ ನಾಲ್ಕೈದು ಸಾಲು ಬರೆಯುವವರು. ಯಾರ ಮನೆಗೆ ಹೋದೆ, ಯಾರಿಗೆ ಜ್ವರ, ಯಾವ ಹುಡುಗ ಮೂರು ವಾರದಿಂದ ಕೂಟಕ್ಕೆ ಬಂದಿಲ್ಲ, ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಪುಟ ತಿರುವುತ್ತಾ ಹೋದಂತೆ ಒಂದು ಕಡೆ ಆ ಸಾಲುಗಳು ನಿಂತುಹೋಗಿವೆ. ಅಲ್ಲಿಂದ ಎರಡು ವಾರ ಬರೀ ವಾಹನದ ಬಾಡಿಗೆ, ಕುಡಿಯುವ ನೀರಿನ ಕ್ಯಾನು, ಹಾಸಿಗೆ, ವಿಮಾನದ ಸಮಯ. ಅದು ತಂಡ ಬಂದಿದ್ದ ಸಮಯ. ಬೆಳಗಿನಿಂದ ರಾತ್ರಿಯವರೆಗೆ ಅವರು ಭಾಷಾಂತರ ಮಾಡುತ್ತಾ ನಿಂತಿದ್ದರು. ಆ ಎರಡು ವಾರದ ನಡುವೆ ಒಬ್ಬ ವಯಸ್ಸಾದ ತಾಯಿ ತೀರಿಕೊಂಡರು, ಅವರ ಹೆಸರಿನ ಮುಂದೆ ಮಣ್ಣು ಮಾಡಿದ ತಾರೀಕು ಮಾತ್ರ ಇತ್ತು. ಅದಕ್ಕೂ ಮುಂಚಿನ ಪುಟಗಳಲ್ಲಿ ವಾರಕ್ಕೆರಡು ಸಲ ಅದೇ ತಾಯಿಯ ಹಾಸಿಗೆ ಪಕ್ಕ ಕೂತು ಪ್ರಾರ್ಥಿಸಿದ ದಾಖಲೆ ಇದೆ. ಪಾಲಕರು ಯಾರನ್ನೂ ದೂರಲಿಲ್ಲ. ತಂಡ ಒಳ್ಳೆಯವರೇ, ಪ್ರೀತಿಯಿಂದ ಬಂದಿದ್ದರು ಅಂದರು. ನೀವು ಹೋದರೆ ನಿಮಗಾಗಿ ಅಲ್ಲಿ ಯಾವ ಕೆಲಸ ನಿಲ್ಲುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ. ಬೇರೆ ಭಾಷಾಂತರಕಾರರನ್ನು ಕೂಲಿ ಕೊಟ್ಟು ಗೊತ್ತುಮಾಡಿಕೊಳ್ಳಬಹುದು, ಊಟದ ವ್ಯವಸ್ಥೆಯನ್ನು ಪಾಲಕರ ಮನೆಯಿಂದ ಹೊರಗೆ ಇಡಬಹುದು. ಇದೆಲ್ಲ ಸಣ್ಣ ಏರ್ಪಾಡು, ಆದರೆ ತಾನಾಗಿ ಆಗುವುದಿಲ್ಲ.

ಮಕ್ಕಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅನಾಥಾಶ್ರಮ ಭೇಟಿಯನ್ನು ಕಾರ್ಯಕ್ರಮದಿಂದ ತೆಗೆಯಿರಿ ಎಂದು ತಂಡದ ಮುಖಂಡರಿಗೆ ನೇರವಾಗಿ ಹೇಳಿ. ಅನಾಥಾಶ್ರಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ, ಬಡತನದಿಂದ ಅಲ್ಲಿ ಬಿಟ್ಟಿರುತ್ತಾರೆ. ಭೇಟಿಗೆ ಬರುವವರ ಕಾಣಿಕೆ ಹೆಚ್ಚಿದ ಕಡೆಗಳಲ್ಲಿ ಮಕ್ಕಳನ್ನು ತಂದು ತುಂಬುವ ವ್ಯಾಪಾರವೇ ಬೆಳೆದಿದೆ. ಆಸ್ಟ್ರೇಲಿಯಾದ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಚರ್ಚೆಯಲ್ಲಿ ಇದೂ ಬಂದಿತ್ತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಇಂಥ ಸ್ವಯಂಸೇವಾ ಪ್ರವಾಸಗಳಿಂದ ಆಗುವ ಹಾನಿಯ ಬಗ್ಗೆ ನಿರ್ಣಯದಲ್ಲಿ ಎಚ್ಚರಿಸಿತು. ಒಂದು ವಾರ ಅಪ್ಪಿ ಮುದ್ದಾಡಿ ಆಮೇಲೆ ಕಾಣದೆ ಹೋಗುವ ದೊಡ್ಡವರಿಂದ ಮಗುವಿಗೆ ಸಿಗುವುದು ಮತ್ತೊಮ್ಮೆ ಬಿಟ್ಟುಹೋದರು ಎಂಬ ನೋವು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಅಮೆರಿಕದ ಒಂದು ಗುಂಪಿನ ಹತ್ತು ವಿಶ್ವಾಸಿಗಳು 33 ಮಕ್ಕಳನ್ನು ಸರಿಯಾದ ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಅನಾಥರನ್ನು ಕಾಪಾಡುತ್ತಿದ್ದೇವೆ ಎಂದು ಅವರು ಹೇಳಿದ್ದರು, ಆ ಮಕ್ಕಳಲ್ಲಿ ಬಹುಪಾಲಿನವರ ಹೆತ್ತವರು ಬದುಕಿದ್ದರು. ಒಳ್ಳೆಯ ಉದ್ದೇಶ ಎಷ್ಟು ದೂರ ದಾರಿ ತಪ್ಪಿಸಬಲ್ಲದು!

ಸಭೆಯ ಮಕ್ಕಳ ಕೂಟ ಬೇರೆ ಮಾತು. ಅಲ್ಲಿ ಮಕ್ಕಳ ಸ್ವಂತ ಉಪಾಧ್ಯಾಯರೇ ಮುಂದೆ ನಿಲ್ಲಲಿ, ನೀವು ಹಿಂದೆ ನಿಂತು ನೆರವಾಗಿ. ಯಾವ ಮಗುವಿನ ಜೊತೆಯೂ ದೊಡ್ಡವರು ಒಬ್ಬರೇ ಇರಬಾರದು, ಇಬ್ಬರಿರಬೇಕು. ಮಗುವಿನ ಫೋಟೋ ಹೆತ್ತವರನ್ನು ಕೇಳದೆ ತೆಗೆಯಬಾರದು. ತೆಗೆದರೂ ಫೇಸ್‌ಬುಕ್ಕಿಗೆ ಹಾಕುವ ಮುನ್ನ ಯೋಚಿಸಿ: ನಿಮ್ಮ ಸ್ವಂತ ಅಕ್ಕನ ಮಗುವನ್ನು ಹರಿದ ಅಂಗಿಯಲ್ಲಿ ಯಾರೋ ಹೀಗೆ ಹಾಕಿದ್ದರೆ? ದಾನ ಮಾಡುವಾಗ ತುತೂರಿ ಊದಿಸಬೇಡ ಎಂಬ ಮಾತು (ಮತ್ತಾಯ 6) ಫೋನಿಗೂ ಅನ್ವಯಿಸುತ್ತದೆ.

ವೀಸಾ ವಿಷಯದಲ್ಲಿ ಸುಳ್ಳು ಬೇಡ. ಪ್ರವಾಸಿ ವೀಸಾದಲ್ಲಿ ಧಾರ್ಮಿಕ ಕೆಲಸಕ್ಕೆ ಅವಕಾಶವಿಲ್ಲದ ದೇಶಗಳು ಅನೇಕ. ಅರ್ಜಿಯಲ್ಲಿ ಏನು ಬರೆಯಿರಿ ಎಂದು ಹೇಳಿದ್ದಾರೋ ಅದನ್ನು ಓದಿ ನೋಡಿ. ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ, ಆಮೇಲೆ ಠಾಣೆಗೆ ಹೋಗಿ ಉತ್ತರ ಕೊಡಬೇಕಾದವರು ಅಲ್ಲಿಯ ಪಾಲಕರು. ತಂಡದಲ್ಲಿ ವೈದ್ಯರೋ ನರ್ಸುಗಳೋ ಇದ್ದರೆ ಆ ದೇಶದ ಅನುಮತಿ ಇಲ್ಲದೆ ಯಾರಿಗೂ ಔಷಧಿ ಕೊಡಬಾರದು.

ಅಮ್ಮನ ಭಯಕ್ಕೆ ವಾಕ್ಯ ಹೇಳಿ ಬಾಯಿ ಮುಚ್ಚಿಸಬೇಡಿ. ಅವರ ಪ್ರಶ್ನೆಗಳು ತಂಡದ ಮುಖಂಡರಿಗೆ ಕೇಳಬೇಕಾದ ಪ್ರಶ್ನೆಗಳೇ. ಮುಖಂಡರನ್ನೇ ಮನೆಗೆ ಕರೆದು ಅಮ್ಮನ ಎದುರು ಕೂರಿಸಿ. ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆ, ತುರ್ತಾಗಿ ವಾಪಸು ಕರೆತರುವ ಖರ್ಚು ವಿಮೆಯಲ್ಲಿ ಸೇರಿದೆಯೇ, ಹೆಣ್ಣುಮಕ್ಕಳು ಎಲ್ಲಿ ಮಲಗುತ್ತಾರೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಇವಕ್ಕೆ ಥಟ್ಟನೆ ಉತ್ತರ ಬಂದರೆ ಅಮ್ಮನ ಅರ್ಧ ಭಯ ಅಲ್ಲೇ ಇಳಿಯುತ್ತದೆ. ದೇವರು ನೋಡಿಕೊಳ್ಳುತ್ತಾನೆ ಎಂಬುದಷ್ಟೇ ಉತ್ತರವಾದರೆ ಅಮ್ಮ ಭಯಪಡುವುದು ನ್ಯಾಯವೇ. ಲಸಿಕೆಗಳ ಬಗ್ಗೆ ಒಂದೂವರೆ ಎರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಹಳದಿ ಜ್ವರದ ಪ್ರಮಾಣಪತ್ರ ಕೇಳುವ ದೇಶವಾದರೆ, ಚುಚ್ಚಿಸಿಕೊಂಡ 10 ದಿನದ ನಂತರವೇ ಅದು ಸಿಂಧುವಾಗುತ್ತದೆ. ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು, ಬಹಳ ಜನ ಅಲ್ಲೇ ನಿಲ್ಲಿಸಿಬಿಡುತ್ತಾರೆ.

ಹೋದರೆ ಅಲ್ಲಿ ಯಾರಿಗೂ ಮಾತು ಕೊಡಬೇಡಿ. ಮುಂದಿನ ವರ್ಷ ಬರುತ್ತೇನೆ, ನಿನ್ನ ಶಾಲೆಯ ಫೀಸು ಕಟ್ಟುತ್ತೇನೆ ಎಂಬ ಮಾತು ಬಸ್ಸು ಹತ್ತುವ ಹೊತ್ತಿಗೆ ತಾನಾಗಿ ಬಾಯಿಗೆ ಬರುತ್ತದೆ. ಆಡಿದವರು ಮರೆಯುತ್ತಾರೆ, ಕೇಳಿದವರು ಮರೆಯುವುದಿಲ್ಲ. ಕೊಡುವುದಿದ್ದರೆ ಸಭೆಯ ಹಿರಿಯರ ಮೂಲಕ ಕೊಡಿ. ವಾಪಸು ಬಂದ ಮೇಲೆ ಸಭೆಯ ಮುಂದೆ ಸಾಕ್ಷಿ ಹೇಳುವಾಗ ಅಲ್ಲಿನವರ ಬಡತನಕ್ಕಿಂತ ಅವರ ವಿಶ್ವಾಸದ ಬಗ್ಗೆ ಹೆಚ್ಚು ಹೇಳಿ. ಅಲ್ಲಿನ ಒಬ್ಬರ ಜೊತೆಗಾದರೂ ಪತ್ರವ್ಯವಹಾರ ಉಳಿಸಿಕೊಳ್ಳಿ, ಆ ಖಜಾಂಚಿಯೇ ಆದರೆ ಇನ್ನೂ ಒಳ್ಳೆಯದು. ಪೌಲನು ಬಾರ್ನಬನಿಗೆ, ನಾವು ವಾಕ್ಯ ಸಾರಿದ ಊರುಗಳಿಗೆಲ್ಲ ಹೋಗಿ ಸಹೋದರರು ಹೇಗಿದ್ದಾರೆ ನೋಡೋಣ ಅಂದದ್ದು (ಅ.ಕೃ. 15:36) ಇದೇ ಕಾಳಜಿಯಿಂದ. ಅಲ್ಲಿಗೆ ಹೋಗಿ ಕೈಲಾಗದೆ ಸೋತುಬಂದರೆ ಎಂದು ಹೆದರಬೇಡಿ. ಮಾರ್ಕನೆನಿಸಿಕೊಂಡ ಯೋಹಾನನು ಪೆರ್ಗೆ ಊರಿನಲ್ಲೇ ಪೌಲನ ತಂಡ ಬಿಟ್ಟು ಹಿಂದಿರುಗಿದ್ದ. ಅದೇ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ನನಗೆ ಉಪಯುಕ್ತನು ಎಂದು ಪೌಲನು ಕೊನೆಗಾಲದಲ್ಲಿ ತಿಮೊಥೆಗೆ ಬರೆದ.

ಈಗ ಮಾಡಬೇಕಾದದ್ದು ಒಂದು ಪತ್ರ ಬರೆಯುವುದು. ತಂಡದ ಮುಖಂಡರಿಗೆ ತಿಳಿಸಿ, ಅವರ ಮೂಲಕವೇ, ಆ ಸಭೆಯ ಪಾಲಕರಿಗೆ ಬರೆಯಿರಿ. ನಮ್ಮನ್ನು ಯಾವ ಕೆಲಸಕ್ಕೆ ಕರೆದಿದ್ದೀರಿ, ನಾವು ಬರದಿದ್ದರೆ ಆ ಎರಡು ವಾರ ನೀವು ಏನು ಮಾಡುತ್ತಿದ್ದಿರಿ, ನಮಗೆ ಲೆಕ್ಕಪತ್ರದ ಕೆಲಸ ಬರುತ್ತದೆ, ಅದು ನಿಮಗೆ ಬೇಕೇ, ಬೇಡವಾದರೆ ಸಂಕೋಚವಿಲ್ಲದೆ ಹೇಳಿ. ಇಷ್ಟು ಸಾಕು. ಅತಿಥಿಗಳಿಗೆ ಬೇಡ ಎನ್ನುವುದು ಅವರಿಗೆ ಕಷ್ಟ, ಆದ್ದರಿಂದ ಉತ್ತರ ಸುತ್ತುಬಳಸಿ ಬಂದರೆ ಅದನ್ನು ಬೇಡ ಎಂದೇ ಓದಿಕೊಳ್ಳಿ. ಇಂಥ ಕೆಲಸಕ್ಕೆ ಇಂಥವರು ಬೇಕು ಎಂದು ಅವರೇ ಹೆಸರಿಟ್ಟು ಕೇಳಿದರೆ, ನಿಮ್ಮ ಹಿರಿಯರೂ ಒಪ್ಪಿದರೆ, ಧೈರ್ಯವಾಗಿ ಹೊರಡಿ. ಪತ್ರ ಬರೆಯುವುದೇ ಬೇಡ ಎಂದು ತಂಡದ ಮುಖಂಡರು ಅಂದರೆ ಈ ಸಲ ಹೆಸರು ಕೊಡಬೇಡಿ.